ತೋಳು ನೋಡಿದವರು ಬಾಯಿ ನೋಡಲಿಲ್ಲ

ಜೂನ್ 8, 1981, ಸೋಮವಾರ
ಗುಬ್ಬಿ

ಕೊಬ್ಬರಿ ಮಂಡಿಯ ನರಸಯ್ಯನವರು ಹೊಸ ವರ್ಷಕ್ಕೆಂದು ಇವರಿಗೆ ಕೊಟ್ಟ ಡೈರಿ ಇದು. ಜನವರಿಯಲ್ಲಿ ಎರಡು ದಿನ ಕೆಂಪು ಶಾಯಿಯಲ್ಲಿ ಚಳಿ ಎಷ್ಟಿತ್ತು ಎಂದು ಬರೆದು ಅಟ್ಟಕ್ಕೆ ಎಸೆದಿದ್ದರು. ಇಷ್ಟು ಒಳ್ಳೆಯ ಹಾಳೆ ಗೆದ್ದಲಿನ ಪಾಲಾಗುವುದನ್ನು ನೋಡಿಕೊಂಡು ಸುಮ್ಮನಿರುವ ಹೆಂಗಸಲ್ಲ ನಾನು. ಮಿಡ್ಲ್‌ಸ್ಕೂಲು ಮುಗಿಸಿದ್ದೇನೆ, ಬರೆಯಲು ನನಗೂ ಬರುತ್ತದೆ. ಅಲ್ಲದೆ ಮನಸ್ಸಿನಲ್ಲಿರುವುದನ್ನು ಎಲ್ಲಾದರೂ ಹೇಳಿಕೊಳ್ಳಬೇಕು. ಇವರ ಹತ್ತಿರ ಹೇಳಿದರೆ ತಿದ್ದುತ್ತಾರೆ.

ಕುಣಿಗಲ್ಲಿನಲ್ಲಿರುವ ನನ್ನ ತಂಗಿ ಅಲಮೇಲುವಿಗೆ ಬಾಯಿಯ ಕ್ಯಾನ್ಸರ್ ಎಂದು ಹೋದ ತಿಂಗಳು ಬೆಂಗಳೂರಿನ ಡಾಕ್ಟರು ಹೇಳಿದರು. ಎಡಗಡೆ ಕೆನ್ನೆಯ ಒಳಗೆ ಗಡ್ಡೆ. ಸುದ್ದಿ ಬಂದ ದಿನ ನಾನು ಅತ್ತು ಕರೆದು ಮಾಡಿದೆ. ಇವರು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ನನ್ನ ಮದುವೆಯಾದಾಗ ಅಲಮೇಲು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ. ಅವಳಿಗೆ ಲೆಕ್ಕ ಹೇಳಿಕೊಟ್ಟವರು ಇವರು. ಒಡಹುಟ್ಟಿದವಳಂತೆ ನೋಡಿಕೊಂಡಿದ್ದಾರೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸೈನ್ಸ್ ಪಾಠ ಮಾಡಿದ ಮನುಷ್ಯ, ಕಾರಣ ಸಿಗದೆ ಬಿಡುವರೇ? ಅವಳನ್ನು ನೋಡಿಕೊಂಡು ಬಂದ ದಿನದಿಂದ ಯೋಚನೆ ಮಾಡಿ ಮಾಡಿ ಈಗ ಹಿಡಿದಿದ್ದಾರೆ. ಅವಳ ತೋಳಿನ ಮೇಲೆ ಸಿಡುಬಿಗೆ ಹಾಕಿದ ದಾಕಿನ ಕಲೆ ಇದೆಯಲ್ಲ, ದೊಡ್ಡದು, ನಾಲ್ಕಾಣೆಯಷ್ಟಗಲ, ಅದರ ವಿಷವೇ ಇಷ್ಟು ವರ್ಷ ಮೈಯಲ್ಲಿ ಕೂತಿದ್ದು ಈಗ ಹೊರಬಿದ್ದಿದೆಯಂತೆ. ನನಗೆ ಮೈ ಜುಂ ಎಂದಿತು. ಇವರ ತಲೆಯೇ ತಲೆ.

ಜೂನ್ 14, ಭಾನುವಾರ

ಇವರು ಹಾಗಲವಾಡಿಯಿಂದ ಬಂದರು. ಅಲ್ಲಿ ಒಬ್ಬ ಹೆಂಗಸಿಗೆ ಇದೇ ಖಾಯಿಲೆಯಂತೆ. ಮೊನ್ನೆ ಗೂಳೂರಿನ ಒಬ್ಬ ಗಂಡಸನ್ನು ನೋಡಿ ಬಂದಿದ್ದರು, ಅವನದು ಹೊಟ್ಟೆಯಲ್ಲಿ. ನಮ್ಮ ಊರಿನಲ್ಲೂ ಕೆಲವರಿದ್ದಾರೆ. ಎಲ್ಲರ ತೋಳಿನಲ್ಲೂ ಕಲೆ! ಒಬ್ಬರೆಂದರೆ ಒಬ್ಬರೂ ತಪ್ಪಿಲ್ಲ.

ಸಂಜೆ ಜಗಲಿಯ ಮೇಲೆ ಇವರು ಹೇಳಿದಾಗ ನರಸಯ್ಯನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಮೇಷ್ಟ್ರೇ, ಇದ ಪೇಪರ್‌ಗೆ ಬರೀರಿ. ಸರ್ಕಾರದೋರು ಮಕ್ಕಳಿಗೆಲ್ಲ ಸೂಜಿ ಚುಚ್ಚಿ ಚುಚ್ಚಿ ಸಾಯಿಸ್ತವ್ರೆ" ಎಂದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. ಹೆಮ್ಮೆಯಾಗದೆ ಇರುತ್ತದೆಯೇ.

ಕಾಫಿ ಕೊಡುವಾಗ ಸುಮ್ಮನೆ ಕೇಳಿದೆ, ಆ ಹೆಂಗಸನ್ನು ಇನ್ನೇನು ವಿಚಾರಿಸಿದಿರಿ ಎಂದು. "ಇನ್ನೇನು ವಿಚಾರಿಸೋದು? ಪರಸ್ತ್ರೀಯನ್ನ ತೋಳು ತೋರ್ಸಮ್ಮ ಅಂದದ್ದೇ ಹೆಚ್ಚಾಯ್ತು" ಎಂದರು. ನಿಜವೇ. ಸಭ್ಯರು ಅಷ್ಟು ಕೇಳುವುದೇ ಕಷ್ಟ.

ತುಮಕೂರಿನಲ್ಲಿರುವ ಮಗಳು ನಳಿನಿಗೆ ಇವತ್ತೇ ಕಾಗದ ಹಾಕಿದೆವು. ಮೊಮ್ಮಗಳಿಗೆ ಮೂರು ತಿಂಗಳು, ಆಸ್ಪತ್ರೆಯವರು ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು ಬಾರದ ಹಾಗೆ ಟ್ರಿಪಲ್ ಇಂಜೆಕ್ಷನ್ ಹಾಕಿಸಿ ಎಂದು ಬೆನ್ನು ಬಿದ್ದಿದ್ದಾರಂತೆ. ಯಾವ ಸೂಜಿಯಾದರೂ ವಿಷ ವಿಷವೇ, ಕೂಡದೇ ಕೂಡದು ಎಂದು ಇವರು ಬರೆದರು. ಕೆಳಗೆ ನಾನೂ ಎರಡು ಸಾಲು ಸೇರಿಸಿದೆ, "ಅಪ್ಪ ಸುಮ್ಮನೆ ಹೇಳುವವರಲ್ಲ."

ಊಟವಾದ ಮೇಲೆ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಕೂತು ಎಲೆ ಹಾಕಿಕೊಂಡೆ. ದಿನಕ್ಕೆ ಇಷ್ಟು ಹೊತ್ತು ಮಾತ್ರ ನನ್ನದೇ. ಎಲೆ, ಅಡಿಕೆ, ಸುಣ್ಣ, ಮೇಲೆ ಚೂರು ಹೊಗೆಸೊಪ್ಪು. ಅದನ್ನು ಪಕ್ಕದ ಮನೆಯ ಕುಲ್ಸುಂ ಬೀ ಗೋಡೆಯ ಮೇಲಿಂದ ಕೊಡುತ್ತಾಳೆ. ಇವರಿಗೆ ಗೊತ್ತಿಲ್ಲ, ಗೊತ್ತಾದರೆ ಮನೆ ಎರಡಾಗುತ್ತದೆ. ಅಲಮೇಲು ಬಂದಾಗ ಇಬ್ಬರೂ ಜೊತೆಯಲ್ಲಿ ಕೂತು ಹಾಕಿಕೊಳ್ಳುತ್ತಿದ್ದೆವು. ಅವಳಿಗೆ ನನಗಿಂತ ದೊಡ್ಡ ಚೂರೇ ಬೇಕು.

ಜೂನ್ 27, ಶನಿವಾರ

ಕುಲ್ಸುಂ ಬೀ ಮೊಮ್ಮಗ ಅನ್ವರನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು. ಸರ್ಕಾರಿ ಆಸ್ಪತ್ರೆಯ ದಾದಿ ಮನೆಗೇ ಬಂದು ಸೂಜಿಗೆ ಕರೆದಿದ್ದಾಳೆ, ಏನು ಮಾಡಲಿ ಎಂದು ಇವರನ್ನು ಕೇಳಿದಳು. ಇವರು ಎಲ್ಲವನ್ನೂ ಬಿಡಿಸಿ ಹೇಳಿದರು. "ನಮ್ ಮನೇಲಿ ಓದಿರೋರು ಯಾರಿದಾರೆ ಮೇಷ್ಟ್ರೇ? ನೀವು ಬ್ಯಾಡ ಅಂದ್ರೆ ಬ್ಯಾಡ" ಎಂದು ಹೋದಳು. ಗುಬ್ಬಿಯಲ್ಲಿ ಇವರ ಮಾತಿಗೆ ಅಷ್ಟು ಬೆಲೆ.

ನಳಿನಿಯೂ ಬರೆದಿದ್ದಾಳೆ, ಸದ್ಯಕ್ಕೆ ಹಾಕಿಸುವುದಿಲ್ಲ ಎಂದು.

ಈ ಸಲದ ಮೆಣಸಿನಕಾಯಿ ವಿಪರೀತ ಖಾರ. ಸಾರು ಬಾಯಿಗಿಟ್ಟರೆ ಕೆನ್ನೆ ಉರಿಯುತ್ತದೆ. ನಾಳೆಯಿಂದ ಒಂದು ಕಡಿಮೆ ಹಾಕಬೇಕು.

ಜುಲೈ 9, ಗುರುವಾರ

ಅಲಮೇಲು ಬಂದಿದ್ದಾಳೆ. ಮುಂದಿನ ವಾರದಿಂದ ಬೆಂಗಳೂರಿನಲ್ಲಿ ಗಡ್ಡೆ ಸುಡಲು ಕರೆಂಟ್ ಕೊಡುತ್ತಾರಂತೆ, ಅದಕ್ಕೆ ಮುಂಚೆ ಅಕ್ಕನನ್ನು ನೋಡಬೇಕು ಎಂದು ಒಬ್ಬಳೇ ಬಸ್ಸು ಹತ್ತಿ ಬಂದುಬಿಟ್ಟಿದ್ದಾಳೆ. ಕುಣಿಗಲ್ಲಿನ ಕುದುರೆ ಫಾರಂ ಪಕ್ಕ ಸಂಸಾರ ಮಾಡಿ ಇವಳಿಗೂ ಲಗಾಮಿಲ್ಲದ ಹಾಗಾಗಿದೆ. ಕೆನ್ನೆ ಊದಿದೆ, ಮಾತು ಸ್ವಲ್ಪ ತೊದಲು. ನಗು ಮಾತ್ರ ಹಾಗೆಯೇ ಇದೆ.

"ಏನೇ ಅಕ್ಕ, ಭಾವ ನನ್ನ ತೋಳನ್ನ ಊರೆಲ್ಲ ಮೆರವಣಿಗೆ ಮಾಡಿಸ್ತಿದಾರಂತೆ?" ಎಂದಳು.

ನನಗೆ ಕೋಪ ಬಂತು. ಅವಳಿಗಾಗಿಯೇ ಇವರು ಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ಅಲೆಯುತ್ತಿದ್ದಾರೆ, ಇವಳಿಗೆ ತಮಾಷೆ. ಆದರೂ ಊಟವಾದ ಮೇಲೆ ಹಿತ್ತಿಲಿಗೆ ಕರೆದೆ, ಸೊಂಟದಿಂದ ಹೊಗೆಸೊಪ್ಪಿನ ಡಬ್ಬಿ ತೆಗೆದೆ. ಅವಳು ಮುಟ್ಟಲಿಲ್ಲ.

"ಡಾಕ್ಟರು ಮೊದಲು ಕೇಳಿದ್ದೇ ಇದನ್ನ ಕಣೇ. ಹೊಗೆಸೊಪ್ಪು ಎಷ್ಟು ವರ್ಷದಿಂದ, ಯಾವ ಕೆನ್ನೇಲಿ ಇಟ್ಕೋತೀರಿ ಅಂತ. ನಾನು ಎಡಗಡೆ ಅಂದೆ. ಅವರೇನೂ ಹೇಳ್ಲಿಲ್ಲ, ಬರ್ಕೊಂಡ್ರು ಅಷ್ಟೆ. ನೀನೂ ಬಿಡೇ."

"ಡಾಕ್ಟರುಗಳಿಗೇನು, ಕಾಫಿ ಕುಡಿದ್ರೂ ಬಿಡು ಅಂತಾರೆ. ನಮ್ಮ ಅಜ್ಜಿ ಎಂಬತ್ತು ವರ್ಷದ ತನಕ ಹಾಕ್ಕೊಂಡ್ಲು" ಎಂದೆ. ಅವಳು ವಾದಕ್ಕೆ ನಿಲ್ಲಲಿಲ್ಲ. ನಾನು ಹಾಕಿಕೊಂಡು ಮುಗಿಸುವ ತನಕ ಪಕ್ಕದಲ್ಲೇ ಕೂತಿದ್ದಳು. ಯಾಕೋ ಇವತ್ತು ರುಚಿ ಹತ್ತಲಿಲ್ಲ.

ಜುಲೈ 14, ಮಂಗಳವಾರ

ಅಳಿಯ ಸುಬ್ಬಕೃಷ್ಣ ಬೆಳಿಗ್ಗೆಯೇ ತುಮಕೂರಿನಿಂದ ಬಂದರು. ತಲೆ ತಗ್ಗಿಸಿಕೊಂಡು ಹೇಳಿದರು. ಅಲಮೇಲು ಇಲ್ಲಿಂದ ಹೊರಟವಳು ನೇರವಾಗಿ ಊರಿಗೆ ಹೋಗಿಲ್ಲ. ನಳಿನಿಯ ಮನೆಯಲ್ಲಿ ಇಳಿದು, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ, ತನ್ನ ತೊಡೆಯ ಮೇಲೆ ಮಲಗಿಸಿಕೊಂಡು ಇಂಜೆಕ್ಷನ್ ಹಾಕಿಸಿದ್ದಾಳೆ! "ಚಿಕ್ಕಮ್ಮ ಆ ಸ್ಥಿತೀಲಿ ಬಂದು ಕೇಳಿದಾಗ ನಳಿನಿಗೆ ಇಲ್ಲ ಅನ್ನೋಕಾಗ್ಲಿಲ್ಲ ಮಾವ" ಎಂದರು.

ಇವರು ಎದ್ದು ಜಗಲಿಗೆ ಹೋದರು.  ಇನ್ನು ಅವಳ ಮುಖ ನೋಡುವುದಿಲ್ಲ ಎಂದೆ. ಖಾಯಿಲೆಯವಳೆಂದು ತಲೆಯ ಮೇಲೆ ಕೂರಿಸಿಕೊಂಡರೆ ಹೀಗೇ ಆಗುವುದು. ನಾಳೆ ಮಗುವಿಗೆ ಏನಾದರೂ ಆದರೆ?

ಜುಲೈ 19, ಭಾನುವಾರ

ಮಗುವಿಗೆ ಒಂದು ದಿನ ಜ್ವರ ಬಂದು ಇಳಿಯಿತಂತೆ. ಈಗ ಆಡಿಕೊಂಡಿದೆ.

ಆಗಸ್ಟ್ 4, ಮಂಗಳವಾರ

ಬೀದಿಯಲ್ಲಿ ನಾಯಿಕೆಮ್ಮು. ಅನ್ವರನಿಗೂ ಬಂದಿದೆ. ಗೋಡೆಯಾಚೆ ಕೇಳಿಸುತ್ತದೆ. ಮಗು ಕೆಮ್ಮಿ ಕೆಮ್ಮಿ ಉಸಿರು ಕಟ್ಟುತ್ತದೆ. ಆಮೇಲೆ ಊಳಿಟ್ಟ ಹಾಗೆ ಒಂದು ಸದ್ದು ಮಾಡಿ ಉಸಿರೆಳೆದುಕೊಳ್ಳುತ್ತದೆ. ಆ ಸದ್ದು ಬರುವ ತನಕ ನನ್ನ ಉಸಿರೂ ನಿಂತಿರುತ್ತದೆ.

ಟ್ರಿಪಲ್ ಹಾಕಿಸಿದ್ದರೆ ಬರುತ್ತಿರಲಿಲ್ಲ ಎಂದು ದಾದಿ ಬೀದಿಯಲ್ಲಿ ನಿಂತು ಹೇಳಿ ಹೋದಳು. ಬೇಕೆಂದೇ ನಮ್ಮ ಮನೆಯ ಮುಂದೆ ನಿಂತು ಹೇಳಿದಳು. ಕುಲ್ಸುಂ ಬೀ ನಮಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸಾರು ಸಪ್ಪೆಯಾಯಿತು ಎಂದು ಇವರು ಇವತ್ತು ಗೊಣಗಲಿಲ್ಲ. ಊಟ ಮಾಡಿದರೋ ಇಲ್ಲವೋ ನೋಡಲಿಲ್ಲ.

ಆಗಸ್ಟ್ 7, ಶುಕ್ರವಾರ

ಅನ್ವರನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ. ಮೈ ನೀಲಿಯಾಗಿತ್ತಂತೆ. ವ್ಯಾನು ಹೊರಟಾಗ ಇವರು ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದರು.

ಆಗಸ್ಟ್ 16, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಅಲಮೇಲು ಮಧ್ಯಾಹ್ನ ಬಂದಳು. ಕರೆಂಟ್ ಕೊಡುವುದು ಅರ್ಧ ಮುಗಿದಿದೆ, ನಾಲ್ಕು ದಿನ ಬಿಡುವು. ಜೊತೆಯಲ್ಲಿ ಗಂಡ ವೆಂಕಟೇಶಯ್ಯನವರೂ ಇದ್ದರು. ಕೆನ್ನೆಯ ಚರ್ಮ ಕಪ್ಪಾಗಿ ಸುಟ್ಟ ಹಾಗಿದೆ, ಸೆರಗು ಮುಚ್ಚಿಕೊಂಡಿದ್ದಳು. ಮುಖ ನೋಡುವುದಿಲ್ಲ ಎಂದು ಬರೆದಿದ್ದೆನಲ್ಲ, ನೋಡಿದ ತಕ್ಷಣ ತಬ್ಬಿಕೊಂಡು ಅತ್ತೆ.

ಸಂಜೆ ಜಗಲಿಯಲ್ಲಿ ಮಾಮೂಲು ಜನ ಸೇರಿದರು. ನರಸಯ್ಯನವರೇ ಮಾತಾಡುತ್ತಿದ್ದರು. "ಸಾಬ್ರ ಮಗೀಗೆ ಕೆಮ್ಮು ಬಂದ್ರೆ ನೀವ್ಯಾಕೆ ತಲೆ ಕೆಡುಸ್ಕೊತೀರ? ಬುಡಿ ಮೇಷ್ಟ್ರೇ. ನಿಮ್ಮ ಲೆಕ್ಕ ಸರಿಯಾಗೈತೆ."

ಅಲಮೇಲು ಎದ್ದು ಹೊರಗೆ ಹೋದಳು. ನಮ್ಮ ಮನೆಯ ಹೆಂಗಸರು ಗಂಡಸರಿರುವಾಗ ಜಗಲಿಗೆ ಹೋಗುವುದಿಲ್ಲ. ಅವಳು ಹೋಗಿ ಕಂಬಕ್ಕೆ ಒರಗಿ ನಿಂತಳು. ನಾನು ಬಾಗಿಲ ಹಿಂದೆ.

"ಭಾವ, ನನ್ನ ಕಲೆ ನೋಡಿ ಲೆಕ್ಕ ಶುರು ಮಾಡಿದ್ರಿ. ಮುಗಿಸೋಕೂ ನಾನೇ ಬಂದಿದೀನಿ" ಎಂದಳು.

"ಒಳಗೆ ಹೋಗಮ್ಮ, ಸುಸ್ತಾಗತ್ತೆ" ಎಂದರು ಇವರು.

"ಸುಸ್ತು ಆಗ್ಲೇ ಆಗಿದೆ. ಇಲ್ಲಿ ಕೂತಿರೋರೆಲ್ಲ ಒಂದ್ಸಲ ತೋಳು ತೋರಿಸ್ಬೇಕು."

 ವೆಂಕಟೇಶಯ್ಯನವರು ಮೊದಲು ಅಂಗಿಯ ತೋಳು ಮೇಲಕ್ಕೆ ಸರಿಸಿದರು. ಆಮೇಲೆ ಒಬ್ಬೊಬ್ಬರಾಗಿ ಸರಿಸಿದರು. ಎಲ್ಲರಿಗೂ ಕಲೆ. ನರಸಯ್ಯನವರಿಗಂತೂ ಎರಡು. ಇವರು ತಮ್ಮ ತೋಳನ್ನು ತಾವೇ ನೋಡಿಕೊಂಡರು, ಯಾವತ್ತೂ ನೋಡದವರ ಹಾಗೆ.

"ಕಲೆ ಇದ್ದೋರಿಗೆಲ್ಲ ಖಾಯಿಲೆ ಬರತ್ತೆ ಅಂತ ನಾನು ಹೇಳಿಲ್ಲಮ್ಮ. ಬಂದೋರಿಗೆಲ್ಲ ಕಲೆ ಇದೆ ಅಂತ ಹೇಳಿದ್ದು" ಎಂದರು. ಪಾಠ ಮಾಡುವಾಗಿನ ದನಿ.

"ಬಂದೋರಿಗೆಲ್ಲ ಎರಡು ಕಿವೀನೂ ಇದೆ ಭಾವ."

ಯಾರೋ ನಕ್ಕು, ನಗು ನುಂಗಿಕೊಂಡರು. ಅಲಮೇಲು ನಗಲಿಲ್ಲ.

"ನನ್ನ ವಾರ್ಡಿನಲ್ಲಿ ಬಾಯಿ ಖಾಯಿಲೆ ಹೆಂಗಸರೇ ತುಂಬಿದಾರೆ. ಅಲ್ಲಿ ಯಾರ ತೋಳನ್ನೂ ಯಾರೂ ನೋಡಲ್ಲ. ಹೊಗೆಸೊಪ್ಪು ಹಾಕ್ತೀರಾ ಅಂತ ಕೇಳ್ತಾರೆ. ನಾನು ಹಾಕ್ತಿದ್ದೆ. ಮದುವೆಯಾದ ವರ್ಷದಿಂದ ಹಾಕ್ತಿದ್ದೆ. ಕೆನ್ನೇಲಿಟ್ಕೊಂಡೇ ಮಲಗ್ತಿದ್ದೆ. ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳಲೇ ಇಲ್ಲ."

"ಮರ್ಯಾದಸ್ಥರ ಮನೆ ಹೆಂಗಸನ್ನ ಅದನ್ನೆಲ್ಲ ಹೇಗಮ್ಮ ಕೇಳೋದು?"

"ನಿಮ್ಮ ಮರ್ಯಾದೆ ನನಗೇನೂ ಮಾಡ್ಲಿಲ್ಲ ಭಾವ, ನನಗೆ ಆಗೋದು ಆಗಿಹೋಗಿತ್ತು. ಆದ್ರೆ ಅದ್ರಿಂದ ಪಕ್ಕದ ಮನೆ ಮಗು ಆಸ್ಪತ್ರೇಲಿದೆ."

ಬಾಗಿಲ ಹಿಂದೆ ನಿಂತ ನಾನು ಸೆರಗು ಬಿಗಿ ಮಾಡಿಕೊಂಡೆ. ಸೊಂಟದಲ್ಲಿ ಡಬ್ಬಿ ಇತ್ತು. ಈಗ ನನ್ನ ಹೆಸರನ್ನೂ ಹೇಳಿಬಿಡುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಊರಿನ ಗಂಡಸರ ಎದುರಿಗೆ, ಕಟ್ಟಿಕೊಂಡ ಗಂಡನ ಎದುರಿಗೆ, ಎಲ್ಲ ಮಾನವನ್ನೂ ತಾನೊಬ್ಬಳೇ ಕಳೆದುಕೊಂಡು ಒಳಗೆ ಬಂದು ಚಾಪೆಯ ಮೇಲೆ ಮಲಗಿದಳು. ಇವಳನ್ನು ಇಷ್ಟು ವರ್ಷ ಹುಡುಗಾಟದವಳು ಎಂದುಕೊಂಡಿದ್ದೆನಲ್ಲ. ನನ್ನ ತಂಗಿಯ ಕಾಲಿಗೆ ಬೀಳಬೇಕು ಅನಿಸಿತು. ಚಿಕ್ಕವಳ ಕಾಲಿಗೆ ಹೇಗೆ ಬೀಳುವುದು, ಕಾಲು ಒತ್ತಿದೆ.

ಆಗಸ್ಟ್ 24, ಸೋಮವಾರ

ಇವರು ಒಂದು ವಾರದಿಂದ ಮನೆಯಲ್ಲಿಲ್ಲ ಎಂದೇ ಹೇಳಬೇಕು. ಮೊದಲು ನೋಡಿ ಬಂದ ಮನೆಗಳಿಗೆಲ್ಲ ಮತ್ತೆ ಹೋಗಿ, ಕೇಳದೆ ಬಿಟ್ಟದ್ದನ್ನು ಕೇಳಿಕೊಂಡು ಬರುತ್ತಿದ್ದಾರೆ. ಹಾಗಲವಾಡಿಯ ಹೆಂಗಸನ್ನು ಕೇಳುವಾಗ ನೆಲ ನೋಡಿಕೊಂಡು ಕೇಳಿದರಂತೆ. ಅವಳು ಸೆರಗಿನ ಗಂಟು ಬಿಚ್ಚಿ ಹೊಗೆಸೊಪ್ಪನ್ನೇ ತೋರಿಸಿದಳಂತೆ. ಬಾಯಿಯ ಖಾಯಿಲೆಯವರು ಬಹಳ ಮಟ್ಟಿಗೆ ಹಾಗೆಯೇ. "ಗೂಳೂರಿನವನಿಗೆ ಯಾಕೆ ಬಂತು?" ಎಂದೆ. "ಗೊತ್ತಿಲ್ಲ ಕೌಸಲ್ಯ" ಎಂದರು. ನಮ್ಮ ಮದುವೆಯಾದ ಮೇಲೆ ಈ ಮಾತನ್ನು ಇವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಗೊತ್ತಿಲ್ಲ ಎಂದಾಗ ಇವರ ಮುಖ ಎಷ್ಟು ಚೆನ್ನಾಗಿತ್ತು!

ಅದಕ್ಕಿಂತ ಹೆಚ್ಚಿನದು ಸಂತೆಯಲ್ಲಿ ನಡೆಯಿತು. ಖಾಯಿಲೆ ಇಲ್ಲದವರ ತೋಳು ನೋಡಬೇಕಾಗಿತ್ತು, ನೋಡಲೇ ಇಲ್ಲ ಎಂದು ಹೇಳಿಕೊಂಡು, ಎಲೆ ಮಾರುವವರ, ಕಾಯಿ ಸುಲಿಯುವವರ ತೋಳು ನೋಡುತ್ತ ಸಂತೆಯೆಲ್ಲ ಸುತ್ತಿದ್ದಾರೆ. ಕಲ್ಲುಗುಂಡಿನಂಥ ಆಳುಗಳು, ಎಲ್ಲರಿಗೂ ಕಲೆ. ಮೇಷ್ಟರಿಗೆ ತಲೆ ಕೆಟ್ಟಿದೆ ಎಂದು ಜನ ನಕ್ಕರಂತೆ. "ಕೆಟ್ಟಿತ್ತು, ಈಗ ಸರಿಹೋಗಿದೆ. ಮಕ್ಕಳಿಗೆ ಸೂಜಿ ಹಾಕಿಸಿ, ನಾನು ಹೇಳಿದ್ದು ತಪ್ಪು" ಎಂದು ನಿಂತ ನಿಂತಲ್ಲೇ ಹೇಳಿದರಂತೆ. ನರಸಯ್ಯನವರು ನೊಂದುಕೊಂಡು ಜಗಲಿಗೆ ಬರುವುದನ್ನು ಬಿಟ್ಟಿದ್ದಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ಜನ, ಬಿಟ್ಟರೆ ಬಿಡಲಿ.

ಸೆಪ್ಟೆಂಬರ್ 12, ಶನಿವಾರ
ತುಮಕೂರು

ಮೊಮ್ಮಗಳಿಗೆ ಮೂರನೆಯ ಇಂಜೆಕ್ಷನ್. ನಾನೇ ತೊಡೆಯ ಮೇಲೆ ಹಾಕಿಕೊಂಡು ಕೂತೆ. ಸೂಜಿ ಚುಚ್ಚಿದಾಗ ಅದು ಕಿರುಚಿತು, ನಾನೂ ಕಿರುಚಿದೆನಂತೆ. ನಳಿನಿ ನಗುತ್ತಾಳೆ.

ಅನ್ವರ ಮನೆಗೆ ಬಂದು ಹತ್ತು ದಿನವಾಯಿತು. ಕಡ್ಡಿಯಾಗಿದ್ದಾನೆ, ಆದರೆ ಬದುಕಿದ. ಅವನು ಬಂದ ದಿನ ಇವರು ಕುಲ್ಸುಂ ಬೀ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. "ನನ್ನ ಮಾತು ಕೇಳಿ ನಿಮಗೆ ಹೀಗಾಯ್ತಮ್ಮ. ನಾನು ತಿಳೀದೆ ಹೇಳಿದೆ" ಎಂದು ಕೈ ಮುಗಿದರು. ಕುಲ್ಸುಂ ಬೀ ಮಗುವಿನ ತಲೆ ಸವರಿದಳು. ಆಮೇಲೆ, "ಅಲ್ಲಾ ಉಳಿಸ್ದ. ಮುಂದಿನ್ ಸೂಜಿಗೆ ನೀವೇ ಕರ್ಕೊಂಡ್ ಹೋಗಿ ಮೇಷ್ಟ್ರೇ" ಎಂದಳು. ಇವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನೂ ಇದಕ್ಕಿಂತ ದೊಡ್ಡ ಗೌರವವನ್ನೂ ಯಾರೂ ಕೊಟ್ಟಿರಲಿಲ್ಲ.

ನಳಿನಿಯ ಅಡುಗೆ ಬಾಯಿಗಿಡಲಾಗುವುದಿಲ್ಲ, ಖಾರ. ಮೊಸರನ್ನ ತಿಂದೆ. ಹಿತ್ತಿಲಲ್ಲಿ ಎಲೆ ಹಾಕಿಕೊಳ್ಳುವುದು ಕಡಿಮೆಯಾಗಿದೆ. ಉಷ್ಣಕ್ಕಿರಬೇಕು, ಅದೂ ಉರಿಯುತ್ತದೆ.

ಅಕ್ಟೋಬರ್ 7, ಬುಧವಾರ
ಕುಣಿಗಲ್

ನವರಾತ್ರಿಯ ಬೊಂಬೆ ಕೂರಿಸಿದ್ದೇನೆ, ಭಾವನನ್ನೂ ಕರೆದುಕೊಂಡು ಬಾ ಎಂದು ಅಲಮೇಲು ಹೇಳಿ ಕಳಿಸಿದ್ದಳು. ಕೆನ್ನೆ ಒಳಕ್ಕೆ ಎಳೆದುಕೊಂಡಿದೆ. ಗಂಜಿ ಬಿಟ್ಟು ಬೇರೆ ಇಳಿಯುವುದಿಲ್ಲ. ಆ ಸ್ಥಿತಿಯಲ್ಲಿ ಒಂಬತ್ತು ಮೆಟ್ಟಿಲು ಬೊಂಬೆ ಜೋಡಿಸಿದ್ದಾಳೆ!

ಸಂಜೆ ಬೀದಿಯ ಹೆಂಗಸರೆಲ್ಲ ಬಂದರು. ಹಾಡಾಯಿತು, ಆರತಿಯಾಯಿತು. ತಾಂಬೂಲ ಕೊಡುವ ಹೊತ್ತಿಗೆ ಅಲಮೇಲು ತಟ್ಟೆ ಹಿಡಿದುಕೊಂಡು ನಿಂತಳು. "ಬೊಂಬೆ ನೋಡಿದ್ರಾ? ಈಗ ನನ್ನ ಬಾಯಿ ನೋಡಿ" ಎಂದು ಆದಷ್ಟು ಅಗಲ ಬಾಯಿ ತೆರೆದಳು. ಹೆಂಗಸರು ಹೌಹಾರಿದರು. ಅವಳು ಬಿಡಲಿಲ್ಲ. ಒಬ್ಬೊಬ್ಬರಿಗೂ ಕುಂಕುಮ ಕೊಟ್ಟು, ಬಾಯಿ ತೋರಿಸಿ, "ಎಲೆ ಅಡಿಕೆ ದೇವರ ಪ್ರಸಾದ. ಹೊಗೆಸೊಪ್ಪು ಯಾವ ದೇವರದ್ದೂ ಅಲ್ಲ ಕಣ್ರಮ್ಮ" ಎಂದು ಹೇಳಿಯೇ ಕೈಗೆ ತಾಂಬೂಲ ಇಟ್ಟಳು. ಕೊನೆಯಲ್ಲಿ ನನ್ನ ಮುಂದೆ ನಿಂತಳು. ಬಾಯಿ ತೆರೆಯಲಿಲ್ಲ.

"ಅಕ್ಕ, ಇವತ್ತು ನೀನು ಮಾಡಿದ ಸಾರಲ್ಲಿ ಖಾರವೇ ಇಲ್ಲ ಅಂದ್ರು ನಮ್ಮ ಯಜಮಾನ್ರು."

"ಈ ವರ್ಷದ ಮೆಣಸಿನಕಾಯಿ..."

"ನನಗೂ ಮೊದಲು ಮೆಣಸಿನಕಾಯೇ ಜೋರಾಗಿತ್ತು ಕಣೇ" ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ನಾನು ನಾಲಿಗೆಯಿಂದ ಕೆನ್ನೆಯ ಒಳಗೆ ತಡವಿ ನೋಡಿಕೊಂಡೆ.

ಅವಳೇ ನನ್ನನ್ನೂ ಇವರನ್ನೂ ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಇವರ ಕೈಯಲ್ಲಿ ಅವಳೇ ಕೊಟ್ಟ ಬ್ಯಾಟರಿ ದೀಪ ಇತ್ತು. ನಾನು ಸೊಂಟದಿಂದ ಡಬ್ಬಿ ತೆಗೆದು ಒಲೆಯ ಕಟ್ಟೆಯ ಮೇಲೆ ಇಟ್ಟೆ. ಇವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ಕಾದೆ.

"ಎಷ್ಟು ವರ್ಷದಿಂದ?" ಎಂದರು. ಈ ಸಲ ನೆಲ ನೋಡಲಿಲ್ಲ.

ಹೇಳಿದೆ.

"ಯಾವ ಕೆನ್ನೆ?"

ಅದನ್ನೂ ಹೇಳಿದೆ. "ಬಾಯಿ ತೆಗಿ" ಎಂದು ಬ್ಯಾಟರಿ ಹಾಕಿದರು.  ಬೆಳಕು ನನ್ನ ಮುಖದ ಮೇಲೆಲ್ಲ ಓಡಾಡಿತು.

ನವೆಂಬರ್ 15, ಭಾನುವಾರ
ಗುಬ್ಬಿ

ನನ್ನ ಕೆನ್ನೆಯ ಒಳಗೆ ಬಿಳಿಯ ಮಚ್ಚೆ. ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟಿದ್ದರೆ ಆಗಬಹುದಾಗಿತ್ತು ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಮೊನ್ನೆ ಮತ್ತೆ ಹೋಗಿದ್ದೆವು. ಕರಗುತ್ತಿದೆಯಂತೆ. ತಪ್ಪದೆ ಬಂದು ತೋರಿಸುತ್ತಿರಬೇಕು.

ಡಬ್ಬಿಯಲ್ಲಿ ಈಗ ಲವಂಗ ಇದೆ. ಇವರು ಪ್ರತಿ ಭಾನುವಾರ ಬ್ಯಾಟರಿ ಹಾಕಿ ನೋಡುತ್ತಾರೆ. ಗೋಡೆಯಾಚೆ ಕುಲ್ಸುಂ ಬೀಗೂ ಹೊಗೆಸೊಪ್ಪು ಬಿಡು ಎಂದು ಹೇಳಿದ್ದೇನೆ, ಅವಳು ಬೈದುಕೊಂಡೇ ಬಿಡುತ್ತಿದ್ದಾಳೆ.

ಇವತ್ತಿನ ಸಾರಿಗೆ ಒಂದು ಮೆಣಸಿನಕಾಯಿ ಹೆಚ್ಚಿಗೆ ಹಾಕಿದೆ. ಬಾಯಿಗಿಟ್ಟುಕೊಂಡು ಕಾದೆ. ಉರಿಯಲಿಲ್ಲ. ಕಣ್ಣೀರು ಬಂತು. ಖಾರವಾಯ್ತೇ ಎಂದು ಇವರು ಗಾಬರಿಯಾಗಿ ಎದ್ದರು. ಇಲ್ಲ ಎಂದೆ.

ನಾಳೆ ಕುಣಿಗಲ್ಲಿಗೆ ಹೋಗಬೇಕು. ಅಲಮೇಲುವಿಗೆ ಗಂಜಿಯೂ ಕಷ್ಟವಾಗಿದೆಯಂತೆ. ಅವಳ ಪಕ್ಕದಲ್ಲಿ ಕೂತು, ಸಾರಿಗೆ ಎಷ್ಟು ಮೆಣಸಿನಕಾಯಿ ಹಾಕಿದೆ ಎಂದು ಹೇಳಬೇಕು.